ಹಳೆ ಡೀಸೆಲ್ ಎಸ್‌ಯುವಿ, ಬೆಂಗಳೂರಿನ ರಸ್ತೆ: ರಿಪೇರಿ ದುಡ್ಡು ಎಲ್ಲೆಲ್ಲಿ ಹೋಯಿತು

ಸೆಕೆಂಡ್ ಹ್ಯಾಂಡ್ ಎಸ್‌ಯುವಿ ನೋಡಲು ಹೋದವರೆಲ್ಲ ಮೊದಲು ಬಾನೆಟ್ ಎತ್ತುತ್ತಾರೆ. ಎಂಜಿನ್ ಸೌಂಡ್ ಕೇಳುತ್ತಾರೆ, ಆಯಿಲ್ ಕ್ಯಾಪ್ ತೆಗೆದು ಹೊಗೆ ಬರುತ್ತಾ ಅಂತ ನೋಡುತ್ತಾರೆ. ನೋಡಲಿ, ಬೇಡ ಅನ್ನಲ್ಲ. ಆದರೆ ಬೆಂಗಳೂರಿನಲ್ಲಿ ಓಡುವ ಗಾಡಿ ದುಡ್ಡು ತಿನ್ನುವುದು ಹೆಚ್ಚಾಗಿ ಕೆಳಗಿನಿಂದ. ಎಷ್ಟು ವರ್ಷ ಓಡಿಸಿದ ಮೇಲೂ ನನ್ನ ಬಿಲ್‌ಗಳು ಹೇಳುವುದು ಇದನ್ನೇ.

ನನ್ನದು 2014ರ ಮಾಡೆಲ್, ಏಳು ಸೀಟಿನ ಡೀಸೆಲ್. 2.2 ಲೀಟರ್ ಎಂಜಿನ್, ಮ್ಯಾನ್ಯುಯಲ್ ಗೇರ್, ಮುಂದಿನ ಚಕ್ರಕ್ಕೆ ಡ್ರೈವ್. 2020ರ ಕೊನೆಯಲ್ಲಿ ಆರು ಲಕ್ಷ ಚಿಲ್ಲರೆಗೆ ತೆಗೆದುಕೊಂಡೆ. ಆಗ ಮೀಟರ್‌ನಲ್ಲಿ 80 ಸಾವಿರದ ಆಸುಪಾಸು ಇತ್ತು, ಈಗ ಒಂದೂವರೆ ಲಕ್ಷದ ಹತ್ತಿರ ಬಂದಿದೆ. ವಾರವಿಡೀ ಬನಶಂಕರಿಯಿಂದ ಔಟರ್ ರಿಂಗ್ ರೋಡ್ ಕಡೆ ಆಫೀಸು, ಆಗಾಗ ಶಿರಾಡಿ ಘಾಟ್ ಇಳಿದು ಊರು. ಸಿಟಿಯಲ್ಲಿ ಮೈಲೇಜ್ ಹತ್ತರ ಸುತ್ತ, ಹೈವೇಯಲ್ಲಿ ಹದಿನಾಲ್ಕು. ಕಂಪನಿ ಹೆಸರು ಬೇಡ. ಈ ವಯಸ್ಸಿನ, ಈ ಸೈಜಿನ ಡೀಸೆಲ್ ಗಾಡಿಗಳ ಕಥೆ ಹೆಚ್ಚು ಕಡಿಮೆ ಒಂದೇ.

ಮೊದಲು ಸಸ್ಪೆನ್ಷನ್, ಅಂದರೆ ಚಕ್ರಕ್ಕೂ ಬಾಡಿಗೂ ನಡುವೆ ಇದ್ದು ರಸ್ತೆಯ ಹೊಡೆತ ತಡೆಯುವ ಭಾಗಗಳು. ಗಾಡಿಯ ತೂಕ ಎರಡು ಟನ್‌ಗೆ ಸ್ವಲ್ಪ ಕಡಿಮೆ. ನಮ್ಮ ಏರಿಯಾದಲ್ಲಿ ಐವತ್ತು ಅಡಿಗೊಂದು ಹಂಪ್, ನಡುವೆ ಪೈಪ್ ಹಾಕಲು ಅಗೆದು ಮುಚ್ಚಿದ ಗುಂಡಿ. ಕೀಲುಗಳ ನಡುವೆ ಕೂರುವ ರಬ್ಬರ್ ಬುಷ್ ಪಾಪ ಎಷ್ಟು ಅಂತ ತಡೆಯುತ್ತದೆ? ಸೌಂಡ್ ಗುರುತು ಹಿಡಿಯುವುದನ್ನು ಕಲಿತರೆ ಅರ್ಧ ದುಡ್ಡು ಉಳಿಯುತ್ತದೆ. ಸಣ್ಣ ಗುಂಡಿಗಳಲ್ಲಿ ನಿಧಾನಕ್ಕೆ ಹೋಗುವಾಗ ಕಟಕಟ ಅಂದರೆ ಮೊದಲು ಲಿಂಕ್ ರಾಡ್ ನೋಡಿಸಿ, ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಕಂಬಿಗೆ ಜೋಡಿಸಿದ ಸಣ್ಣ ರಾಡ್ ಅದು. ಎರಡೂ ಕಡೆ ಸೇರಿ ಎರಡು ಸಾವಿರದೊಳಗೆ ಮುಗಿಯುತ್ತದೆ. ಬ್ರೇಕ್ ಒತ್ತಿದ ಕೂಡಲೇ ಧಡ್ ಅಂದು ಸ್ಟೀರಿಂಗ್ ಒಂದು ಪಕ್ಕಕ್ಕೆ ಎಳೆದರೆ ಲೋಯರ್ ಆರ್ಮ್, ಅಂದರೆ ಚಕ್ರವನ್ನು ಗಾಡಿಯ ಅಡಿಗೆ ಜೋಡಿಸುವ ತೋಳಿನ ಬುಷ್. ನನಗೆ ಜೋಡಿ ಆರ್ಮ್‌ಗೆ ಕೂಲಿ ಸೇರಿ ಒಂಬತ್ತು ಸಾವಿರ ಚಿಲ್ಲರೆ ಬಿತ್ತು, ಎರಡು ಸಲ ಹಾಕಿಸಿದ್ದಾಗಿದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಟಣ್ ಅಂದರೆ ಸ್ಟ್ರಟ್ ಮೌಂಟಿಂಗ್, ಮುಂದಿನ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರನ್ನು ಮೇಲೆ ಬಾಡಿಗೆ ಹಿಡಿಸುವ ಭಾಗ. ವೇಗ ಏರಿದಂತೆ ಗುಂಯ್ ಅನ್ನುವ ಸದ್ದೂ ಏರಿ, ತಿರುವಿನಲ್ಲಿ ಹೆಚ್ಚು ಕಡಿಮೆ ಆದರೆ ವೀಲ್ ಬೇರಿಂಗ್, ಒಂದಕ್ಕೆ ನಾಲ್ಕು ಸಾವಿರ. ಇದನ್ನು ಟೈರ್ ಸೌಂಡ್ ಅಂದುಕೊಂಡು ಹೊಸ ಟೈರ್ ಹಾಕಿಸಿದವರನ್ನು ನೋಡಿದ್ದೇನೆ. 17 ಇಂಚಿನ ನಾಲ್ಕು ಟೈರ್‌ಗೆ ನಲವತ್ತು ಸಾವಿರ ದಾಟುತ್ತದೆ, ಲೆಕ್ಕ ಹಾಕಿ.

ಪಾರ್ಟ್ಸ್ ವಿಷಯದಲ್ಲಿ, ಸಾಲು ಸಾಲು ಬಿಡಿಭಾಗದ ಅಂಗಡಿಗಳ ಜೆ.ಸಿ. ರೋಡ್ ಇರುವುದು ನಮ್ಮ ಪುಣ್ಯ. ಕಾರ್ ಕಂಪನಿಯ ಡಬ್ಬದಲ್ಲಿ ಬರುವ ಎಷ್ಟೋ ಪಾರ್ಟ್ಸ್ ತಯಾರಿಸುವವರು ಬೇರೆಯವರು. ಅದೇ ತಯಾರಕರ ಡಬ್ಬದಲ್ಲಿ ತಗೊಂಡರೆ ರೇಟ್ ಇಳಿಯುತ್ತದೆ, ಮಾಲು ಅದೇ. ಆದರೆ ಡೂಪ್ಲಿಕೇಟ್ ಕೂಡ ಅಲ್ಲೇ ಸಿಗುತ್ತದೆ. ಜಿಎಸ್‌ಟಿ ಬಿಲ್ ಕೊಡಲ್ಲ ಅಂದರೆ ಆ ಅಂಗಡಿಯಿಂದ ಸುಮ್ನೆ ಇಳಿದು ಬನ್ನಿ. ಬ್ರೇಕ್ ಪ್ಯಾಡ್, ಟೈಮಿಂಗ್ ಬೆಲ್ಟ್ ಇಂಥವುಗಳಲ್ಲಿ ಚೌಕಾಸಿ ಮಾಡಿ ಯಾವುದೋ ಮಾಲು ತರಬೇಡಿ.

ಇನ್ನು ಕ್ಲಚ್. ಸಿಲ್ಕ್ ಬೋರ್ಡ್ ಕಡೆ ದಿನಾ ಅರ್ಧ ಕ್ಲಚ್‌ನಲ್ಲಿ ತೆವಳುವ ಗಾಡಿಗೆ ಇದು ಬಂದೇ ಬರುವ ಖರ್ಚು. ನನ್ನದು ಒಂದು ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಜಾರತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ತಿರುಗುವ ಆರ್‌ಪಿಎಂ ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ. ಬರೀ ಕ್ಲಚ್ ಸೆಟ್ ಆದರೆ ಹದಿನೈದು ಸಾವಿರದಲ್ಲಿ ಆಗುವ ಕೆಲಸ. ದೊಡ್ಡ ಡೀಸೆಲ್‌ಗಳಲ್ಲಿ ಅದರ ಜೊತೆ ಡ್ಯುಯಲ್ ಮಾಸ್ ಫ್ಲೈವೀಲ್ ಅಂತ ಒಂದು ಇರುತ್ತದೆ. ಒಳಗೆ ಸ್ಪ್ರಿಂಗ್ ಇಟ್ಟ ಎರಡು ತುಂಡಿನ ಚಕ್ರ ಅದು, ಡೀಸೆಲ್ ಎಂಜಿನ್ನಿನ ನಡುಕ ಗೇರ್‌ಬಾಕ್ಸ್‌ಗೆ ದಾಟದಂತೆ ಹೀರಿಕೊಳ್ಳುತ್ತದೆ. ಸ್ಪ್ರಿಂಗ್ ಸತ್ತರೆ ಗಾಡಿ ಆಫ್ ಮಾಡುವಾಗ ಕೆಳಗಿನಿಂದ ಗಡಗಡ ಸದ್ದು. ಅದನ್ನೂ ಸೇರಿಸಿ ನನ್ನ ಬಿಲ್ ನಲವತ್ತೈದು ಸಾವಿರ ಮುಟ್ಟಿತು. ಗೇರ್‌ಬಾಕ್ಸ್ ಇಳಿಸದೆ ಈ ಕೆಲಸ ಆಗಲ್ಲ. ಹಾಗಾಗಿ ಹಳೆ ಫ್ಲೈವೀಲ್ ಬಿಟ್ಟು ಕ್ಲಚ್ ಮಾತ್ರ ಹಾಕಿದರೆ, ಮುಂದೊಂದು ದಿನ ಅದೇ ಕೂಲಿ ಮತ್ತೆ ಕೊಡಬೇಕು. ಕೊಳ್ಳುವ ಮುಂಚೆ ಕ್ಲಚ್ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಐವತ್ತು ಸಾವಿರ ಕಡಿಮೆ ಮಾಡಿ ಮಾತಾಡಿ. ಮಾರುವವರಿಗೆ ಕೋಪ ಬರುತ್ತದೆ, ಬರಲಿ.

ಎಂಜಿನ್ ಬಗ್ಗೆ ದೂರು ಕಡಿಮೆ. ಒಂದೇ ತಲೆನೋವು ಇಜಿಆರ್ ವಾಲ್ವ್. ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ಇದು ಮತ್ತೆ ಎಂಜಿನ್ನಿಗೆ ಕಳಿಸುತ್ತದೆ. ಒಳಗಿನ ಬಿಸಿ ಇಳಿದು ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗಲಿ ಅನ್ನುವುದು ಉದ್ದೇಶ. ಆದರೆ ನಿಂತು ನಿಂತು ಹೋಗುವ ಟ್ರಾಫಿಕ್‌ನಲ್ಲಿ ಮಸಿ ಮತ್ತು ಆಯಿಲ್ ಆವಿ ಸೇರಿ, ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗೆ ಡಾಂಬರಿನಂತೆ ಕಟ್ಟಿಕೊಳ್ಳುತ್ತದೆ. ಪಿಕಪ್ ಹೋಗುತ್ತದೆ, ಕಪ್ಪು ಹೊಗೆ ಬರುತ್ತದೆ, ಚೆಕ್ ಎಂಜಿನ್ ಲೈಟ್ ಹತ್ತುತ್ತದೆ. ಬಿಚ್ಚಿ ಕ್ಲೀನ್ ಮಾಡಲು ಮೂರು ಸಾವಿರ. ವಾಲ್ವ್‌ಗೆ ತಗಡು ಹೊಡೆದು ಮುಚ್ಚಿಬಿಡಿ ಅನ್ನುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ಆ ಹೊಗೆ ಕುಡಿಯುವವರೂ ನಾವೇ ಅಲ್ವಾ.

ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಹೆಸರಿನಲ್ಲಿ ಹೆದರಿಸುವುದು ಜಾಸ್ತಿ. ಒಮ್ಮೆ ಘಾಟ್ ಹತ್ತುವಾಗ ಪವರ್ ಇಲ್ಲ, ಜೊತೆಗೆ ಶಿಳ್ಳೆ ಸದ್ದು. ದೊಡ್ಡ ವರ್ಕ್‌ಶಾಪ್ ಒಂದರಲ್ಲಿ ನೋಡಿದ ತಕ್ಷಣ ಟರ್ಬೊ ಹೋಗಿದೆ, ಐವತ್ತೈದು ಸಾವಿರ ಅಂದರು. ನಮ್ಮ ಬೀದಿಯ ಮೆಕ್ಯಾನಿಕ್ ಮೊದಲು ಟರ್ಬೊದಿಂದ ಬರುವ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿನ ಪೈಪ್ ತಡವಿ ನೋಡಿದರು. ರಬ್ಬರ್ ಸೀಳಿತ್ತು, ಸುತ್ತ ಆಯಿಲ್ ಜಿಡ್ಡು. ಪೈಪ್, ಕ್ಲಾಂಪ್, ಕೂಲಿ ಎಲ್ಲ ಸೇರಿ ಮೂರು ಸಾವಿರ ಆಗಲಿಲ್ಲ. ನಿಮಗೂ ಹೀಗೆ ಹೇಳಿದರೆ ಪೈಪ್ ನೋಡಿಸದೆ ಹೂಂ ಅನ್ನಬೇಡಿ. ನಿಜವಾಗಿ ಟರ್ಬೊ ಹೋಗಿದ್ದರೆ ಅದರ ಶಾಫ್ಟ್ ಅಲುಗಾಡುತ್ತದೆ, ನೀಲಿ ಹೊಗೆ ಬರುತ್ತದೆ, ಆಯಿಲ್ ಬೇಗ ಇಳಿಯುತ್ತದೆ.

ಎಂಜಿನ್ ತಂಪಾಗಿಡುವ ಕೂಲಂಟ್ ಬದಲು ಬೋರ್‌ವೆಲ್ ನೀರು ಹಾಕುವ ಚಾಳಿ ಇನ್ನೂ ಇದೆ. ನಮ್ಮ ಕಡೆಯ ಬೋರ್ ನೀರು ಗಡಸು, ರೇಡಿಯೇಟರ್ ಒಳಗೆ ಬಿಳಿ ಪದರ ಕಟ್ಟುತ್ತದೆ. ಇದಲ್ಲದೆ ನನ್ನ ಗಾಡಿಯ ಎಸಿಯಲ್ಲಿ ಕೂಲಿಂಗ್ ಕಾಯಿಲ್ ಲೀಕ್ ಆಗಿ, ಡ್ಯಾಶ್‌ಬೋರ್ಡ್ ಬಿಚ್ಚಿ ಹನ್ನೆರಡು ಸಾವಿರ ಖರ್ಚಾಯಿತು. ಇನ್ನೊಂದು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಲಿ. ವೈರ್ ಕಡಿದು ಒಂದು ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಹೊಗೆಸೊಪ್ಪು ಕಟ್ಟಿ ನೋಡಿದೆ, ಸ್ಪ್ರೇ ಹೊಡೆದೆ. ಕೆಲಸ ಮಾಡಿದ್ದು ಮಾತ್ರ ಎಂಜಿನ್ ಕೆಳಗೆ ಹಾಕಿಸಿದ ತಂತಿ ಜಾಲರಿ.

ಈಗ ಕೊಳ್ಳಲು ಹೊರಟವರಿಗೆ ಎರಡು ಮಾತು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಎಷ್ಟು ಕಾರು ನೀರಲ್ಲಿ ಮುಳುಗಿದ್ದವು ಅಂತ ನೆನಪಿದೆ ತಾನೆ? ಅಂಥ ಗಾಡಿ ನಿಮ್ಮ ತಲೆಗೆ ಬೀಳದಿರಲಿ ಅಂದರೆ ಸೀಟ್ ಬೆಲ್ಟ್ ಪೂರ್ತಿ ಎಳೆದು ತುದಿಯಲ್ಲಿ ಕೆಸರಿನ ಗೆರೆ ಇದೆಯಾ ನೋಡಿ, ಸ್ಟೆಪ್ನಿ ಜಾಗದ ಮ್ಯಾಟ್ ಎತ್ತಿ ನೋಡಿ. ದೆಹಲಿ ನೋಂದಣಿಯ ಡೀಸೆಲ್ ಅಗ್ಗಕ್ಕೆ ಸಿಕ್ಕಿದರೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಖರ್ಚಿನ ಜೊತೆಗೆ ಇಲ್ಲಿನ ರಸ್ತೆ ತೆರಿಗೆಯನ್ನೂ ಸೇರಿಸಿ ಲೆಕ್ಕ ಹಾಕಿ. ಆಮೇಲೆ ಆ ಅಗ್ಗ ಉಳಿಯುತ್ತದಾ ನೋಡಿ.

ಸದ್ಯ ನನ್ನ ಗಾಡಿಯಲ್ಲಿ ಬಾಕಿ ಇರುವುದು ಹಿಂದಿನ ಶಾಕ್ ಅಬ್ಸಾರ್ಬರ್. ಜೋಡಿಗೆ ಏಳು ಸಾವಿರ ಹೇಳಿದ್ದಾರೆ. ಕಾರ್ಪೊರೇಷನ್ನವರು ನಮ್ಮ ಬೀದಿಗೆ ಟಾರ್ ಹಾಕುವವರೆಗೆ ಹಾಕಿಸಬೇಡಿ ಅನ್ನುತ್ತಾರೆ ನಮ್ಮ ಮೆಕ್ಯಾನಿಕ್.