40 ಲೀಟರ್ ಕ್ಯಾಬಿನ್ ಬ್ಯಾಕ್‌ಪ್ಯಾಕ್: ವರ್ಷಗಟ್ಟಲೆ ಹೊತ್ತ ಮೇಲೆ ಬರೆದದ್ದು

ಬ್ಯಾಗುಗಳ ವಿಮರ್ಶೆ ಓದಿದರೆ ಮುಕ್ಕಾಲು ಪಾಲು ಪೆಟ್ಟಿಗೆ ಬಿಚ್ಚಿದ ವಾರದಲ್ಲೇ ಬರೆದ ಹಾಗಿರುತ್ತವೆ. ಹೊಸದಾಗಿದ್ದಾಗ ಎಲ್ಲ ಬ್ಯಾಗೂ ಚೆನ್ನಾಗಿಯೇ ಇರುತ್ತದೆ ಅಲ್ವಾ? ನಾನು ಇದನ್ನು ಬಸ್ಸು, ರೈಲು, ವಿಮಾನ ಅಂತ ವರ್ಷಗಟ್ಟಲೆ ಹೊತ್ತಿದ್ದೇನೆ. ಹೊರಗೆ ನೈಲಾನ್ ಬಟ್ಟೆ, ಸೊಂಟಕ್ಕೊಂದು ಬೆಲ್ಟ್, ಮೂರು ಕಡೆ ಜಿಪ್ ಎಳೆದರೆ ಸೂಟ್‌ಕೇಸಿನಂತೆ ಪೂರ್ತಿ ತೆರೆದುಕೊಳ್ಳುತ್ತದೆ. ಖಾಲಿ ತೂಕ ಒಂದೂವರೆ ಕೆಜಿ. ಕಂಪನಿ ಹೆಸರು ಬರೆಯುವುದಿಲ್ಲ. ಇದೇ ನಮೂನೆಯದನ್ನು ತುಂಬಾ ಜನ ಮಾಡುತ್ತಾರೆ, ಇಲ್ಲಿ ಹೇಳಿದ್ದು ಹೆಚ್ಚುಕಮ್ಮಿ ಎಲ್ಲಕ್ಕೂ ಹೊಂದುತ್ತದೆ.

ಮೊದಲು ತೂಕದ ವಿಷಯ, ಯಾಕಂದರೆ ಅಸಲಿ ಸಮಸ್ಯೆ ಇರುವುದೇ ಅಲ್ಲಿ. ಎಲ್ಲರೂ ಲೀಟರ್ ಎಷ್ಟು ಅಂತ ಕೇಳುತ್ತಾರೆ, ಖಾಲಿ ತೂಕ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಬಹಳಷ್ಟು ವಿಮಾನ ಕಂಪನಿಗಳು ಕೈಯಲ್ಲಿ ಒಯ್ಯುವ ಬ್ಯಾಗಿಗೆ 7 ಕೆಜಿ ಮಿತಿ ಇಟ್ಟಿವೆ. ಅದರಲ್ಲಿ ಬ್ಯಾಗೇ ಒಂದೂವರೆ ತಿಂದರೆ ಉಳಿಯುವುದು ಐದೂವರೆ. ಲ್ಯಾಪ್‌ಟಾಪ್, ಅದರ ಚಾರ್ಜರ್ ಅಂತ ಸುಮಾರು ಎರಡು ಕೆಜಿ ಹೋಯಿತು. ಇನ್ನು ಮೂರೂವರೆ ಕೆಜಿಯಲ್ಲಿ ಬಟ್ಟೆ, ಚಪ್ಪಲಿ, ಸಾಬೂನು, ಔಷಧಿ ಎಲ್ಲ ಮುಗಿಯಬೇಕು. ಹಾಗಾಗಿ ಬ್ಯಾಗು ತುಂಬುವ ಮೊದಲೇ ತಕ್ಕಡಿ ತುಂಬುತ್ತದೆ. ಒಳಗೆ ಇನ್ನೂ ಜಾಗ ಕಾಣುತ್ತಿರುತ್ತದೆ, ಇನ್ನೊಂದು ಜೀನ್ಸ್ ಹಾಕೋಣ ಅನ್ನಿಸುತ್ತದೆ, ಹಾಕಿದರೆ ಕೌಂಟರಿನಲ್ಲಿ ದುಡ್ಡು ಕಟ್ಟಬೇಕು. ಆದರೂ ಚಕ್ರದ ಸೂಟ್‌ಕೇಸಿಗಿಂತ ಇದೇ ವಾಸಿ. ಅವುಗಳಲ್ಲಿ ಹಲವು ಖಾಲಿ ಇದ್ದಾಗಲೇ ಎರಡೂವರೆ, ಮೂರು ಕೆಜಿ ತೂಗುತ್ತವೆ.

ಇದರ ಜೊತೆ ಬಂದ ಕಂಪ್ರೆಷನ್ ಚೀಲಗಳ ಬಗ್ಗೆ ನನಗೆ ಒಳ್ಳೆ ಮಾತಿಲ್ಲ. ಅವು ಬಟ್ಟೆಯೊಳಗಿನ ಗಾಳಿ ಹಿಂಡುತ್ತವೆ, ಅಷ್ಟೇ. ತೂಕ ಒಂದು ಗ್ರಾಮೂ ಕಡಿಮೆಯಾಗುವುದಿಲ್ಲ. ಬದಲಿಗೆ ಖಾಲಿಯಾದ ಜಾಗಕ್ಕೆ ಮತ್ತಷ್ಟು ತುರುಕುತ್ತೇವೆ, ಮೇಲಿಂದ ಅಂಗಿ ಎಲ್ಲ ಸುಕ್ಕು. ನಾನು ಈಗ ಸಾದಾ ಬಲೆಯ ಚೀಲ ಎರಡು ಇಟ್ಟುಕೊಂಡಿದ್ದೇನೆ, ಒಂದು ಒಗೆದದ್ದಕ್ಕೆ, ಒಂದು ಕೊಳೆಯಾದದ್ದಕ್ಕೆ. ಸಾಕು.

ಮೆಚ್ಚಿದ್ದು ಏನು ಅಂದರೆ, ಪೂರ್ತಿ ತೆರೆಯುವುದು. ಮೇಲಿಂದ ಮಾತ್ರ ಬಾಯಿ ಇರುವ ಬ್ಯಾಗಿನಲ್ಲಿ ತಳದಲ್ಲಿರುವ ಕಾಲುಚೀಲಕ್ಕಾಗಿ ಎಲ್ಲವನ್ನೂ ಹೊರಗೆ ಸುರಿಯಬೇಕು. ಇದರಲ್ಲಿ ಆ ಗೋಳಿಲ್ಲ. ಆದರೆ ತೆರೆಯಲು ಮಂಚದಷ್ಟು ಜಾಗ ಬೇಕು. ರೈಲಿನ ಸೀಟಿನಲ್ಲಿ ಕೂತು ತೆರೆಯಲು ಹೋದರೆ ಪಕ್ಕದವರ ತೊಡೆಯ ಮೇಲೆ ನಿಮ್ಮ ಒಳಬಟ್ಟೆ ಇರುತ್ತದೆ.

ಮೇಲ್ಗಡೆಯ ಚಿಕ್ಕ ಜೇಬು ನನಗೆ ಬಲು ಇಷ್ಟ. ಪವರ್ ಬ್ಯಾಂಕ್ ಅಲ್ಲೇ ಇರುತ್ತದೆ. ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯಬಹುದು ಅಂತ ಅದನ್ನು ವಿಮಾನದ ಹೊಟ್ಟೆಗೆ ಹೋಗುವ ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ, ನಮ್ಮ ಜೊತೆಯೇ ಇರಬೇಕು. ವಿಮಾನ ತುಂಬಿದಾಗ ಗೇಟಿನಲ್ಲಿ ಸಿಬ್ಬಂದಿ ಬ್ಯಾಗು ತೆಗೆದುಕೊಂಡು ಕೆಳಗೆ ಹಾಕುತ್ತಾರೆ ನೋಡಿ, ಆಗ ಒಂದು ಜಿಪ್ ಎಳೆದರೆ ಕೈಗೆ ಬರುತ್ತದೆ, ಸಾಲಿನಲ್ಲಿ ನಿಂತು ಇಡೀ ಬ್ಯಾಗು ಹುಡುಕಬೇಕಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್ (ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಅಳತೆ). 20,000 ಎಂಎಎಚ್‌ನದು ಸುಮಾರು 74 ಬರುತ್ತದೆ, ತೊಂದರೆ ಇಲ್ಲ.

ದ್ರವದ ವಸ್ತುಗಳ ಚೀಲವೂ ಅದೇ ಜೇಬಿನಲ್ಲಿ. ಕೈಬ್ಯಾಗಿನಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿಯ ದ್ರವ ಒಯ್ಯುವಂತಿಲ್ಲ ಅಂತ 2006ರಿಂದ ಬಂದ ನಿಯಮ ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಾಟಲಿಯ ಅಳತೆಯನ್ನು, ಒಳಗಿರುವುದನ್ನಲ್ಲ. 200 ಮಿಲಿ ಶಾಂಪೂ ಬಾಟಲಿಯ ತಳದಲ್ಲಿ ಎರಡು ಚಮಚ ಉಳಿದಿದ್ದರೂ ತೆಗೆದು ಬಿಸಾಡುತ್ತಾರೆ. ಹೊಸ ಸ್ಕ್ಯಾನರ್ ಬಂದ ಕೆಲವು ವಿಮಾನ ನಿಲ್ದಾಣಗಳಲ್ಲಿ ಇದು ಸಡಿಲವಾಗಿದೆ, ಆದರೆ ವಾಪಸು ಹೊರಡುವ ನಿಲ್ದಾಣದಲ್ಲಿ ಹಳೆ ನಿಯಮವೇ ಇದ್ದರೆ? ನಾನು ಸುಮ್ನೆ ಗಟ್ಟಿ ಸಾಬೂನು, ಗಟ್ಟಿ ಶಾಂಪೂ ಇಟ್ಟುಕೊಳ್ಳುತ್ತೇನೆ.

ಸೊಂಟದ ಬೆಲ್ಟ್ ಬಗ್ಗೆ ಕಂಪನಿ ಬಹಳ ಹೊಗಳಿಕೊಂಡಿದೆ. ಏಳು ಕೆಜಿಗೆ ಅದರ ಅಗತ್ಯ ನನಗೆ ಬೀಳಲೇ ಇಲ್ಲ. ಕಳಚಿಡಲು ಬರುವಂತಿದ್ದರೆ ಅಷ್ಟು ತೂಕವಾದರೂ ಉಳಿಯುತ್ತಿತ್ತು.

ಇನ್ನು ಬಾಳಿಕೆ. ಹೊರಗಿನ ಬಟ್ಟೆ ಗಟ್ಟಿ, ಎಲ್ಲೂ ಹರಿದಿಲ್ಲ. ಭುಜದ ಪಟ್ಟಿಯ ಹೊಲಿಗೆಯೂ ಹಾಗೇ ಇದೆ. ಮೊದಲು ಕೈಕೊಟ್ಟದ್ದು ಜಿಪ್. ಹಲ್ಲು ಚೆನ್ನಾಗಿಯೇ ಇತ್ತು, ಎಳೆಯುವ ರನ್ನರ್ ಸವೆದು ಸಡಿಲವಾಗಿತ್ತು, ಮುಂದೆ ಎಳೆದರೆ ಹಿಂದೆ ಬಿಚ್ಚಿಕೊಳ್ಳುತ್ತಿತ್ತು. ರಿಪೇರಿಯವರು ಇಕ್ಕಳದಲ್ಲಿ ಎರಡೂ ಬದಿ ಮೆಲ್ಲಗೆ ಒತ್ತಿ ಕೊಟ್ಟರು, ಕೆಲವು ತಿಂಗಳು ನಡೆಯಿತು, ಆಮೇಲೆ ರನ್ನರ್ ಮಾತ್ರ ಬದಲಾಯಿಸಿದರು. ಇಡೀ ಜಿಪ್ ಹೋಯಿತು ಅಂತ ಬ್ಯಾಗು ಎಸೆಯುವ ಮೊದಲು ಇದನ್ನು ಕೇಳಿ ನೋಡಿ. ಕಂಪನಿಯ ಜೀವಮಾನದ ಗ್ಯಾರಂಟಿ ಇದಕ್ಕೆ ಅನ್ವಯವಾಗಲಿಲ್ಲ. ಅದು ತಯಾರಿಕೆಯ ದೋಷಕ್ಕೆ ಮಾತ್ರ, ಸವೆತಕ್ಕಲ್ಲ.

ನಿಜವಾಗಿ ಬೇಸರ ತರಿಸುವುದು ಒಳಗಿನ ಲೇಪ. ನೀರು ಇಳಿಯದಿರಲಿ ಅಂತ ಬಟ್ಟೆಯ ಒಳಮೈಗೆ ಪಾಲಿಯುರಿಥೇನ್ ಬಳಿದಿರುತ್ತಾರೆ. ತೇವ ಮತ್ತು ಸೆಕೆ ಸೇರಿದರೆ ವರ್ಷಗಳು ಕಳೆದಂತೆ ಅದು ಅಂಟಂಟಾಗುತ್ತದೆ, ವಾಸನೆ ಬರುತ್ತದೆ, ಆಮೇಲೆ ಬಿಳಿ ಹೊಟ್ಟಿನಂತೆ ಉದುರುತ್ತದೆ. ನನ್ನದರ ತಳದಲ್ಲಿ ಶುರುವಾಗಿದೆ. ಒದ್ದೆ ಬಟ್ಟೆ ತುಂಬಿಡಬೇಡಿ, ಬಳಸದಿದ್ದಾಗ ಮುಚ್ಚಿದ ಕಪಾಟಿನಲ್ಲಿ ಮಡಚಿಡಬೇಡಿ, ನೆರಳಲ್ಲಿ ಗಾಳಿಗೆ ಬಿಡಿ. ಇದರಿಂದ ತಡವಾಗುತ್ತದೆ, ತಪ್ಪುವುದಿಲ್ಲ.

ಚಳಿ ಊರಿಗೆ ದಪ್ಪ ಉಡುಪು ಹೊತ್ತು ಹೋಗುವವರಿಗೆ, ಬೆನ್ನು ನೋವಿರುವವರಿಗೆ, ಪುಟ್ಟ ಮಕ್ಕಳ ಸಾಮಾನೂ ಹೊರಬೇಕಾದವರಿಗೆ ಇದು ಬೇಡ. ಒಬ್ಬರೇ, ಒಂದು ವಾರದ ರಜೆ, ಮಧ್ಯೆ ಒಮ್ಮೆ ಬಟ್ಟೆ ಒಗೆಯಲು ಬೇಸರವಿಲ್ಲ ಅಂದರೆ ಧಾರಾಳವಾಗಿ ಕೊಳ್ಳಿ. ಒಗೆಯುವ ಲೆಕ್ಕವಿದ್ದರೆ ಹತ್ತಿ ಬಟ್ಟೆ ಕಡಿಮೆ ಇರಲಿ, ರಾತ್ರಿ ಒಣಹಾಕಿದ್ದು ಬೆಳಿಗ್ಗೆಗೆ ಒಣಗಿರುವುದಿಲ್ಲ.

ಇದು ಪೂರ್ತಿ ಹಾಳಾದ ಮೇಲೆ ನಾನು ಕೊಳ್ಳುವುದು ಇದೇ ನಮೂನೆಯ 30 ಲೀಟರಿನದು. ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಲೇಪಕ್ಕಲ್ಲ, ಬದಿಯ ನೀರಿನ ಬಾಟಲಿ ಜೇಬಿಗೆ: ಬ್ಯಾಗು ತುಂಬಿದಾಗ ಅದರಲ್ಲಿ ಬಾಟಲಿ ಹಿಡಿಯುವುದೇ ಇಲ್ಲ.