ಹಳೆ ಪೈಪ್ ಕೊಳ್ಳುವಾಗ: ವಲ್ಕನೈಟ್ ಕೊಳವೆಯೋ, ಅಕ್ರಿಲಿಕ್ ಕೊಳವೆಯೋ?

ತಂಬಾಕು ಸೇದುವ ಹಳೆ ಬ್ರಯರ್ ಪೈಪ್ ಕೂಡಿಡಲು ಹೊರಟವರು ಮೊದಲು ಮರವನ್ನು ನೋಡುತ್ತಾರೆ. ಮಂಗಳೂರಿನಲ್ಲಿರುವ ನಾನು ಮೊದಲು ನೋಡುವುದು ಬಾಯಿಗಿಡುವ ಕೊಳವೆಯನ್ನು. ತಂಬಾಕು ತುಂಬುವ ಬಟ್ಟಲಿನ ಬ್ರಯರ್ ಮೆಡಿಟರೇನಿಯನ್ ಕಡೆಯ ಗಿಡದ ಬೇರುಗಂಟು, ಬಲು ಗಟ್ಟಿ. ಕೊಳವೆ ಹಾಗಲ್ಲ.

ವಲ್ಕನೈಟ್ ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಹಲ್ಲಿಗೆ ಹಿತ. ಹಳೆಯ ಇಂಗ್ಲಿಷ್, ಐರಿಶ್ ಪೈಪ್‌ಗಳಲ್ಲಿ ಇದೇ ಜಾಸ್ತಿ. ಆದರೆ ಬೆಳಕು, ತೇವ ತಾಗಿದರೆ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ, ನಾಲಿಗೆಗೆ ಗಂಧಕದ ಕಹಿ. ನಮ್ಮ ಕರಾವಳಿಯ ಆಟಿ ತಿಂಗಳ ಮಳೆಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಅಲ್ವಾ? ಕಿಟಕಿ ಬದಿ ಇಟ್ಟಿದ್ದ ನನ್ನದೊಂದು ಪೈಪ್ ಹೀಗೇ ಮಂಕಾಗಿತ್ತು. 400ರ ವಾಟರ್ ಪೇಪರ್‌ನಿಂದ (ಉಜ್ಜುವ ಮರಳು ಕಾಗದ, ಅಂಕಿ ಹೆಚ್ಚಿದಷ್ಟೂ ನುಣುಪು) ಶುರು ಮಾಡಿ 2000ದವರೆಗೆ ನೀರು ಹಚ್ಚಿ ಉಜ್ಜಿದೆ. ಬಟ್ಟೆಯ ಮೇಲೆ ಕಂದು ಕೊಳೆ ಇಳಿಯುತ್ತಲೇ ಇತ್ತು. ಸಂಜೆಯಾಗುವಾಗ ಕಿಟಕಿಯ ಸರಳುಗಳು ಕೊಳವೆಯ ಕಪ್ಪು ಹೊಳಪಿನಲ್ಲಿ ಕಾಣತೊಡಗಿದವು. ಆ ಖುಷಿಯೇ ಬೇರೆ! ಒಂದು ಎಚ್ಚರ: ಐರಿಶ್ ಪೈಪ್ ಕಂಪನಿ ಪೀಟರ್ಸನ್‌ನ 'ಪಿ'ಯಂಥ ಅಚ್ಚೊತ್ತಿದ ಗುರುತಿನ ಮೇಲೆ ಕಾಗದ ತಾಗಿಸಬೇಡಿ. ಅಳಿಸಿದರೆ ಹೋಯಿತು.

ಅಕ್ರಿಲಿಕ್ ಅಂದರೆ ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್. ಇದಕ್ಕೆ ಈ ರಗಳೆ ಇಲ್ಲ, ಹಸಿರುಗಟ್ಟುವುದಿಲ್ಲ. ಆದರೆ ಹಲ್ಲಿಗೆ ಗಡಸು, ಕೈ ಜಾರಿ ಬಿದ್ದರೆ ಒಡೆಯಬಹುದು. ತೊಳೆಯಲು ಸ್ಪಿರಿಟ್ ಬಳಸಬೇಡಿ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಸೋಪು ನೀರು ಸಾಕು.

ಸುಮ್ನೆ ಶೋಕೇಸಿನಲ್ಲಿ ಇಡುವವರಿಗೆ ಅಕ್ರಿಲಿಕ್ ಒಳ್ಳೆಯದು. ಕೈಯಾರೆ ಸರಿಮಾಡುವ ಆಸೆ ಇದ್ದರೆ ವಲ್ಕನೈಟನ್ನೇ ತಗೊಳ್ಳಿ, ನನ್ನ ಮನಸ್ಸೂ ಅದರ ಕಡೆಗೇ. ಮಳೆ ಶುರುವಾಗುವ ಮೊದಲು ತೆಳುವಾಗಿ ಮಿನರಲ್ ಎಣ್ಣೆ ಸವರಿ, ಬೆಳಕು ಬೀಳದ ಕಪಾಟಿನಲ್ಲಿಡಿ.