ವಿಭಾಗಗಳಿಗೆ ಯೋಜನೆ ಬರೆದುಕೊಡುವ ಸೇವೆ: ಒಂದು ವರ್ಷದ ಬಳಿಕ

ವಿಶ್ವವಿದ್ಯಾಲಯದ ಬೋಧನಾ ವಿಭಾಗಗಳಿಗೂ ಆಡಳಿತ ಘಟಕಗಳಿಗೂ ಐದು ವರ್ಷಗಳ ಕಾರ್ಯತಂತ್ರ ಯೋಜನೆಯನ್ನು ರೂಪಿಸಿಕೊಡುವ ಸಲಹಾ ಸೇವೆಯೊಂದನ್ನು ಕಳೆದ ವರ್ಷ ನಾವು ಪಡೆದೆವು. ಆಗ ನಾನು ಒಂದು ವಿಭಾಗದ ಮುಖ್ಯಸ್ಥನಾಗಿದ್ದೆ, ಜೊತೆಗೆ ಪರೀಕ್ಷಾಂಗದ ಯೋಜನಾ ಸಮಿತಿಯಲ್ಲಿ ಸದಸ್ಯನೂ ಆಗಿದ್ದೆ. ಹೀಗಾಗಿ ಒಂದೇ ಸೇವೆ ಎರಡು ಬೇರೆ ಬಗೆಯ ಘಟಕಗಳಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ಕಂಡೆ. ಸಂಸ್ಥೆಯ ಹೆಸರು ಇಲ್ಲಿ ಬೇಕಿಲ್ಲ; ಪೂರ್ವಭಾವಿ ಮಾಹಿತಿ ಸಂಗ್ರಹ, ಎರಡು ದಿನದ ಕಾರ್ಯಾಗಾರ, ಕರಡು ಯೋಜನೆ, ಅನಂತರ ಒಂದು ವರ್ಷ ಪ್ರಗತಿಯನ್ನು ತೋರಿಸುವ ಡ್ಯಾಶ್‌ಬೋರ್ಡ್ ಎಂಬ ಈ ಮಾದರಿಯನ್ನೇ ಬಹಳ ಮಂದಿ ಮಾರುತ್ತಾರೆ.

ಮೊದಲು ಮೆಚ್ಚಬೇಕಾದದ್ದನ್ನು ಹೇಳಿಬಿಡುತ್ತೇನೆ. ಕಾರ್ಯಾಗಾರಕ್ಕೆ ಆರು ವಾರ ಮುಂಚೆಯೇ ಅವರು ಪ್ರವೇಶ ಪಡೆದವರು, ಓದನ್ನು ನಡುವೆ ಬಿಟ್ಟವರು, ಪ್ರತಿ ಅಧ್ಯಾಪಕರ ಬೋಧನಾ ಹೊರೆ, ನಿವೃತ್ತಿಯ ದಿನಾಂಕಗಳು ಎಲ್ಲವನ್ನೂ ಕೇಳಿ ಪಡೆದು, ನಾಲ್ಕೇ ಪುಟಗಳಲ್ಲಿ ಜೋಡಿಸಿ ತಂದಿದ್ದರು. ಯಾರು ಯಾವಾಗ ನಿವೃತ್ತರಾಗುತ್ತಾರೆಂಬುದು ನಮಗೆಲ್ಲ ಬಿಡಿಬಿಡಿಯಾಗಿ ಗೊತ್ತಿತ್ತು. ಆದರೆ ಆ ದಿನಾಂಕಗಳನ್ನು ಐಚ್ಛಿಕ ವಿಷಯಗಳ ಪಟ್ಟಿಯ ಪಕ್ಕದಲ್ಲಿಟ್ಟಾಗ, ಯೋಜನೆಯ ಮೂರನೆಯ ವರ್ಷದ ಹೊತ್ತಿಗೆ ನಮ್ಮ ಎರಡು ಮುಖ್ಯ ವಿಷಯಗಳನ್ನು ಪಾಠ ಮಾಡಲು ಒಬ್ಬರೂ ಇರುವುದಿಲ್ಲ ಎಂಬುದು ಕಣ್ಣಿಗೆ ರಾಚಿತು. ಆ ಪುಟ ಎದುರಿಗೆ ಬಂದಾಗ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಕಾರ್ಯಾಗಾರ ಅಷ್ಟು ಚೆನ್ನಾಗಿ ನಡೆಯಲಿಲ್ಲ. ಮೊದಲ ದಿನದ ಬೆಳಗೆಲ್ಲ ಧ್ಯೇಯವಾಕ್ಯಕ್ಕೇ ಹೋಯಿತು. ‘ಜ್ಞಾನಪ್ರಸಾರ’ ಮೊದಲು ಬರಬೇಕೋ ‘ಜ್ಞಾನಸೃಷ್ಟಿ’ ಮೊದಲು ಬರಬೇಕೋ ಎಂದು ಹಿರಿಯರಿಬ್ಬರು ಊಟದ ಹೊತ್ತಿನವರೆಗೂ ವಾದಿಸಿದರು. ಕೊನೆಗೆ ಒಪ್ಪಿಕೊಂಡ ವಾಕ್ಯದಲ್ಲಿ ನಮ್ಮ ವಿಭಾಗದ ಹೆಸರನ್ನು ಅಳಿಸಿ ಬೇರೆ ಯಾವ ವಿಭಾಗದ ಹೆಸರನ್ನು ಬರೆದರೂ ಅದು ಅಷ್ಟೇ ಚೆನ್ನಾಗಿ ಒಪ್ಪುತ್ತಿತ್ತು. ಮಧ್ಯಾಹ್ನ ಬಲ, ದೌರ್ಬಲ್ಯ, ಅವಕಾಶ, ಅಪಾಯಗಳನ್ನು ಹಳದಿ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ‘ಅನುಭವಿ ಅಧ್ಯಾಪಕರು’ ಎಂಬ ಚೀಟಿ ಬಲದ ಸಾಲಿನಲ್ಲಿ ಎಂಟು ಸಲ ಬಂತು. ಆಗಲೇ ಕಂಡಿದ್ದ ನಿವೃತ್ತಿಯ ಪಟ್ಟಿಗೂ ಈ ಎಂಟು ಚೀಟಿಗಳಿಗೂ ಇರುವ ವಿರೋಧವನ್ನು ಎತ್ತಿ ತೋರಿಸಬೇಕಾದವರು ಚರ್ಚೆ ನಡೆಸಿಕೊಡುತ್ತಿದ್ದವರೇ. ಅವರು ಚೀಟಿಗಳ ಚಿತ್ರ ತೆಗೆದುಕೊಂಡು ಮುಂದಿನ ವಿಷಯಕ್ಕೆ ಹೋದರು.

ಪರೀಕ್ಷಾಂಗದಲ್ಲಿ ತೊಡಕು ಬೇರೆಯೇ ಆಗಿತ್ತು. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಮೂರು ಅಂಕಣಗಳ ಅದೇ ನಮೂನೆಯನ್ನು ಅಲ್ಲಿಗೂ ತಂದಿದ್ದರು. ಶಾಖೆಯ ಅಧೀಕ್ಷಕರು ಮೂರರಲ್ಲೂ ‘ಅನ್ವಯಿಸುವುದಿಲ್ಲ’ ಎಂದು ದುಂಡಗೆ ಬರೆದು, ದಿನಾಂಕ ಸಹಿತ ಸಹಿ ಹಾಕಿ ಹಿಂದಿರುಗಿಸಿದರು. ಆಡಳಿತ ಘಟಕ ಎಂದರೆ ವಿಭಾಗದ ಸಣ್ಣ ನಕಲಲ್ಲ. ವಿಭಾಗ ತಾನು ಏನನ್ನು ಕಲಿಸಬೇಕು, ಯಾವುದರಲ್ಲಿ ಹೆಸರು ಮಾಡಬೇಕು ಎಂದು ಆರಿಸಿಕೊಳ್ಳಬಲ್ಲದು. ಪರೀಕ್ಷಾಂಗಕ್ಕೆ ಆ ಆಯ್ಕೆಯಿಲ್ಲ, ಅದರ ಕೆಲಸವನ್ನು ನಿಯಮಗಳು ಮೊದಲೇ ಗೊತ್ತುಮಾಡಿವೆ. ಅದು ಆರಿಸಬಹುದಾದದ್ದು ಆ ಕೆಲಸವನ್ನು ಎಷ್ಟು ಬೇಗ, ಎಷ್ಟು ತಪ್ಪಿಲ್ಲದೆ, ಯಾರಿಗೆ ಕಡಿಮೆ ತೊಂದರೆ ಕೊಟ್ಟು ಮಾಡಬೇಕು ಎಂಬುದನ್ನು ಮಾತ್ರ.

ಇದು ಅವರ ತಂಡದ ಕಿರಿಯ ಸದಸ್ಯೆಯೊಬ್ಬರಿಗೆ ಹೊಳೆದಿರಬೇಕು. ಎರಡನೆಯ ದಿನ ಊಟದ ನಂತರ ಅವರು ನಮೂನೆಯನ್ನು ಪಕ್ಕಕ್ಕಿಟ್ಟು, “ಅಂಕಪಟ್ಟಿಯಲ್ಲಿ ಹೆಸರು ತಪ್ಪಾಗಿದೆ ಎಂದು ಅರ್ಜಿ ಬಂದರೆ ಅದು ಮೊದಲು ಯಾರ ಮೇಜಿಗೆ ಹೋಗುತ್ತದೆ ಸರ್?” ಎಂದು ಅಧೀಕ್ಷಕರನ್ನು ಕೇಳಿದರು. ಅವರು ಹೇಳುತ್ತ ಹೋದಂತೆ ಈಕೆ ಬಿಳಿ ಹಲಗೆಯ ಮೇಲೆ ಒಂದೊಂದೇ ಚೌಕ ಬರೆಯುತ್ತ ಹೋದರು. ಒಟ್ಟು ಹನ್ನೊಂದು ಚೌಕಗಳಾದವು. ಕೈಯಲ್ಲಿ ಹಿಡಿದು ಮಾಡುವ ಕೆಲಸವನ್ನೆಲ್ಲ ಕೂಡಿಸಿದರೆ ಒಂದು ಗಂಟೆಯೂ ಆಗುವುದಿಲ್ಲ, ಉಳಿದ ದಿನಗಳೆಲ್ಲ ಕಡತ ಯಾರದೋ ಮೇಜಿನ ಮೇಲೆ ಕಾಯುತ್ತ ಕೂರುವುದರಲ್ಲಿ ಕಳೆಯುತ್ತವೆ. ನಾಲ್ಕನೆಯ ಮತ್ತು ಒಂಬತ್ತನೆಯ ಚೌಕಗಳಲ್ಲಿ ಒಂದೇ ದಾಖಲೆಯನ್ನು ಎರಡು ಸಲ ತಾಳೆ ನೋಡಲಾಗುತ್ತಿತ್ತು. ಕಾರ್ಯಸೂಚಿಯಲ್ಲಿ ಇರದಿದ್ದ ಈ ಒಂದೂವರೆ ತಾಸು ಇಡೀ ಸೇವೆಗೆ ಕೊಟ್ಟ ಹಣಕ್ಕೆ ಸಮನಾಗಿತ್ತೆಂದು ನಾನು ಈಗಲೂ ಭಾವಿಸುತ್ತೇನೆ.

ಗುರಿಗಳನ್ನು ಬರೆಯುವ ಹಂತದ ಬಗ್ಗೆ ನನ್ನ ತಕರಾರು ದೊಡ್ಡದು. ಅವರು ತಂದದ್ದು ಸ್ಮಾರ್ಟ್ (SMART) ಗುರಿಗಳ ಸೂತ್ರ; ಒಳ್ಳೆಯ ಗುರಿಗೆ ಇರಬೇಕಾದ ಐದು ಲಕ್ಷಣಗಳನ್ನು ಆ ಇಂಗ್ಲಿಷ್ ಪದದ ಐದು ಅಕ್ಷರಗಳು ಸೂಚಿಸುತ್ತವೆ. 1981ರಲ್ಲಿ ಜಾರ್ಜ್ ಡೋರನ್ ಇದನ್ನು ಮುಂದಿಟ್ಟಾಗ ಅದರ ನಡುವಿನ ‘ಎ’ ಅಕ್ಷರಕ್ಕೆ ಇದ್ದ ಅರ್ಥ ‘ಯಾರಾದರೊಬ್ಬರಿಗೆ ವಹಿಸಬಹುದಾದದ್ದು’ ಎಂಬುದು. ಬಳಕೆಯಲ್ಲಿ ಅದು ‘ಸಾಧಿಸಬಹುದಾದದ್ದು’ ಎಂದಾಗಿದೆ, ನಮಗೆ ಹಂಚಿದ ಹಾಳೆಯಲ್ಲೂ ಹಾಗೆಯೇ ಇತ್ತು. ಇದರ ಫಲ ಕರಡಿನಲ್ಲಿ ಕಾಣಿಸಿತು: ಹದಿನಾಲ್ಕು ಅಧ್ಯಾಪಕರಿಗೆ ಹದಿನೇಳು ಗುರಿಗಳು, ಹೊಣೆಯ ಅಂಕಣದಲ್ಲಿ ಹದಿನೇಳಕ್ಕೂ ‘ವಿಭಾಗ’ ಎಂಬ ಒಂದೇ ಉತ್ತರ. ಈ ಗುರಿಗಳಿಗೆ ಹೊತ್ತು ಸಿಗಬೇಕಾದರೆ ಈಗ ಮಾಡುತ್ತಿರುವ ಯಾವ ಕೆಲಸವನ್ನು ನಿಲ್ಲಿಸುತ್ತೀರಿ ಎಂಬ ಪ್ರಶ್ನೆ ಎರಡೂ ದಿನಗಳಲ್ಲಿ ಒಮ್ಮೆಯೂ ಬರಲಿಲ್ಲ. ಶಿಕ್ಷಣ ಸಂಸ್ಥೆಗಳ ಭಾಗಗಳು ಒಂದಕ್ಕೊಂದು ಸಡಿಲವಾಗಿ ಜೋಡಿಸಿಕೊಂಡಿರುತ್ತವೆ ಎಂದು ಕಾರ್ಲ್ ವೈಕ್ 1976ರಲ್ಲೇ ಬರೆದಿದ್ದರು. ಅಂಥ ಕಡೆ ಯಾರ ಹೆಸರೂ ಇಲ್ಲದ ಗುರಿ ಯಾರನ್ನೂ ತಲುಪುವುದಿಲ್ಲ.

ವೇಳಾಪಟ್ಟಿಯ ಎಡವಟ್ಟು ಇನ್ನೊಂದು. ನಮ್ಮ ಬಜೆಟ್ ಬೇಡಿಕೆ ಸಲ್ಲಿಸುವ ಕೊನೆಯ ದಿನ ಕಳೆದು ಎರಡು ತಿಂಗಳಾದ ಮೇಲೆ ಅಂತಿಮ ಯೋಜನೆ ಕೈಸೇರಿತು, ಆದ್ದರಿಂದ ಮೊದಲ ವರ್ಷದ ಗುರಿಗಳಿಗೆ ಬಿಡಿಗಾಸೂ ಇರಲಿಲ್ಲ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ, ಆ ದಿನಾಂಕವನ್ನು ನಾವೂ ಹೇಳಲಿಲ್ಲ. ಆದರೆ ವಿಶ್ವವಿದ್ಯಾಲಯಗಳೊಂದಿಗೆ ಕೆಲಸ ಮಾಡುವುದೇ ವೃತ್ತಿಯಾಗಿರುವವರು ಮೊದಲ ಸಭೆಯಲ್ಲೇ ಕೇಳಬೇಕಾಗಿದ್ದ ಪ್ರಶ್ನೆ ಅದು.

ಡ್ಯಾಶ್‌ಬೋರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಪ್ಲನ್ ಮತ್ತು ನಾರ್ಟನ್ 1992ರಲ್ಲಿ ಉದ್ಯಮಗಳ ಸಾಧನೆಯನ್ನು ಅಳೆಯಲು ರೂಪಿಸಿದ ‘ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್’ ಎಂಬ ಚೌಕಟ್ಟಿನ ನಾಲ್ಕು ನೋಟಗಳನ್ನೇ ಅದು ಅನುಸರಿಸುತ್ತದೆ: ಹಣಕಾಸು, ಗ್ರಾಹಕ, ಒಳಗಿನ ಕಾರ್ಯವಿಧಾನ, ಕಲಿಕೆ ಮತ್ತು ಬೆಳವಣಿಗೆ. ಪರೀಕ್ಷಾಂಗಕ್ಕೆ ಇದು ಬಹುಮಟ್ಟಿಗೆ ಹೊಂದುತ್ತದೆ. ವಿಭಾಗದಲ್ಲಿ ವಿದ್ಯಾರ್ಥಿಯನ್ನು ಗ್ರಾಹಕನ ಜಾಗದಲ್ಲಿ ಕೂರಿಸಿದ ಕೂಡಲೇ ಅನುತ್ತೀರ್ಣ ಮಾಡುವುದು ಸೇವಾ ಲೋಪವಾಗಿಬಿಡುತ್ತದೆ. ಮೂರು ತಿಂಗಳಿಗೊಮ್ಮೆ ಬಣ್ಣ ಬದಲಾಯಿಸುವ ಈ ಪರದೆ ರಜೆಯ ಅವಧಿಯಲ್ಲಿ ತಪ್ಪದೆ ಕೆಂಪಾಗುತ್ತಿತ್ತು. ಪ್ರಕಟಣೆಗಳ ಸಾಲು ಮಾತ್ರ, ಒಂದು ಲೇಖನವನ್ನು ಎರಡಾಗಿ ಸೀಳಿದವರ ಕೃಪೆಯಿಂದ, ಹಸಿರಾಗಿಯೇ ಇತ್ತು.

ಇಂಥ ಸೇವೆಯನ್ನು ಪಡೆಯಲು ಹೊರಟಿರುವ ವಿಭಾಗದವರು ಮಾಹಿತಿ ಸಂಗ್ರಹದ ಭಾಗವನ್ನು ಕಣ್ಣುಮುಚ್ಚಿ ಕೊಳ್ಳಬಹುದು, ಹೊರಗಿನವರು ಕೇಳಿದರೆ ಮಾತ್ರ ಹೊರಬರುವ ಅಂಕಿಅಂಶಗಳು ಎಲ್ಲೆಡೆಯೂ ಇರುತ್ತವೆ. ಧ್ಯೇಯವಾಕ್ಯಕ್ಕೆ ಒಂದು ಗಂಟೆಗಿಂತ ಹೆಚ್ಚು ಕೊಡುವುದಿಲ್ಲವೆಂದು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ಆಡಳಿತ ಘಟಕದವರು ಸಹಿ ಹಾಕುವ ಮುನ್ನ ಅವರ ನಮೂನೆಯನ್ನು ತರಿಸಿ ನೋಡಲಿ. ಅದರಲ್ಲಿ ಸಂಶೋಧನೆಯ ಅಂಕಣ ಕಂಡರೆ ಅಲ್ಲಿಗೇ ಮಾತುಕತೆ ನಿಲ್ಲಿಸಬಹುದು.

ನಾವು ಡ್ಯಾಶ್‌ಬೋರ್ಡನ್ನು ಈ ವರ್ಷ ನವೀಕರಿಸಲಿಲ್ಲ. ಆ ಕಿರಿಯ ಸದಸ್ಯೆಯನ್ನು ಮೂರು ದಿನಗಳ ಮಟ್ಟಿಗೆ ಕಳುಹಿಸಿಕೊಡಿ ಎಂದು ಸಂಸ್ಥೆಗೆ ಪತ್ರ ಬರೆದಿದ್ದೇವೆ. ಪರೀಕ್ಷಾಂಗದ ಹನ್ನೊಂದು ಚೌಕಗಳು ಈಗ ಏಳಕ್ಕೆ ಇಳಿದಿವೆ; ಅಧೀಕ್ಷಕರು ಆ ಚಿತ್ರವನ್ನು ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡು, ಆರನೆಯ ಚೌಕದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ.